ಚಿಗವ್ವನ ಹೇಳಿಕೆ

ಅಪ್ಪನ ಪುಸ್ತಕ ಓದಿದವರು ಯಾರೇ ಸಿಗಲಿ, ಎರಡನೆಯ ಮಾತಿಗೆ ಕೇಳುವುದು ಒಂದೇ: ಪೊಲೀಸ್ ಕೆಲಸದಲ್ಲಿದ್ದವರು ಕಥೆ ಬರೆಯಲು ಹೇಗೆ ಶುರು ಮಾಡಿದರು? ಲಾಠಿ ಹಿಡಿದ ಕೈ ಲೇಖನಿ ಹಿಡಿಯಿತು ಎಂದು ವೇದಿಕೆಯ ಮೇಲೆ ಹೇಳುವವರೂ ಇದ್ದಾರೆ, ಹೇಳಿ ಚಪ್ಪಾಳೆಗೆ ಕಾಯುತ್ತಾರೆ. ನಾನು ನಕ್ಕು ಸುಮ್ಮನಾಗುತ್ತೇನೆ. ಲಾಠಿ ನಮ್ಮ ಮನೆಯಲ್ಲಿ ಬಾಗಿಲ ಹಿಂದೆ ನಿಂತಿರುತ್ತಿತ್ತು. ಅವ್ವ ಅದಕ್ಕೆ ಬಟ್ಟೆ ಕಟ್ಟಿ ಮೂಲೆಯ ಜೇಡರ ಬಲೆ ತೆಗೆಯುತ್ತಿದ್ದಳು. ಪೆನ್ನು ಮಾತ್ರ ನಾನು ಕಣ್ಣು ಬಿಟ್ಟಾಗಿನಿಂದ ಅಪ್ಪನ ಜೇಬಿನಲ್ಲಿತ್ತು. ಕಥೆಗಿಂತ ಮೊದಲು ಅವನು ಪಂಚನಾಮೆ ಬರೆದ, ದೂರು ಬರೆದ, ಸಾಕ್ಷಿಗಳ ಹೇಳಿಕೆ ಬರೆದ. ಠಾಣೆಯಲ್ಲಿ ಬರೆದದ್ದು ಸಾಲದೆ ಮನೆಗೆ ಬಂದೂ ಬರೆದ. ಅವನೊಳಗಿನ ಲೇಖಕ ಎಲ್ಲಿ ಹುಟ್ಟಿದ ಎಂದು ಕೇಳಿದರೆ ನಾನು ನಮ್ಮ ಅಡುಗೆ ಮನೆಯ ಹೊಸ್ತಿಲು ತೋರಿಸುತ್ತೇನೆ. ಆದರೆ ಬರೆಯುವುದೆಂದರೆ ಏನು ಎಂದು ಅವನಿಗೆ ಕಲಿಸಿದವಳು ಅವ್ವನ ತಂಗಿ, ನನ್ನ ಚಿಗವ್ವ. ಇದನ್ನು ಅಪ್ಪನ ಯಾವ ಮುನ್ನುಡಿಯಲ್ಲೂ ನೀವು ಓದಿರಲಾರಿರಿ.

ಹರಿಹರದಲ್ಲಿ ನಮ್ಮದು ಪೊಲೀಸ್ ಕ್ವಾರ್ಟರ್ಸಿನ ಸಾಲಿನ ಕೊನೆಯ ಮನೆ. ಹೊರಗೆ ಹಳದಿ ಬಣ್ಣ, ಒಳಗೆ ಸುಣ್ಣ, ಬಾಗಿಲ ಮೇಲೆ ಟಾರಿನಲ್ಲಿ ಬರೆದ ನಂಬರು. ಎರಡು ಕೋಣೆ, ಒಂದು ಅಡುಗೆ ಮನೆ, ಹಿಂದೆ ಒಂದು ಹುಣಸೆ ಮರ. ಹೊಳೆ ಅಲ್ಲಿಂದ ಕೂಗಳತೆಯಲ್ಲಿತ್ತು; ಅದನ್ನು ತುಂಗಭದ್ರೆ ಎಂದು ಕರೆಯುತ್ತಿದ್ದುದು ಶಾಲೆಯಲ್ಲಿ ಮಾತ್ರ. ಮುಂದಿನ ಕೋಣೆಯಲ್ಲಿ ಠಾಣೆಯವರು ಬೇಡವೆಂದು ಬಿಟ್ಟ ಮೇಜೊಂದಿತ್ತು, ಮುರಿದ ಕಾಲಿನ ಜಾಗದಲ್ಲಿ ಕಲ್ಲು ಪೇರಿಸಿದ್ದು. ಅದೇ ಕೋಣೆಯ ಮೂಲೆಯಲ್ಲಿ ಅಪ್ಪ ಬೆಳಗ್ಗೆ ಲಿಂಗಪೂಜೆಗೆ ಕೂರುತ್ತಿದ್ದ. ಹಣೆಯ ವಿಭೂತಿ ಒಣಗುವ ಮೊದಲೇ ಟೋಪಿ ಹಾಕಿಕೊಂಡು ಸೈಕಲ್ ಹತ್ತುತ್ತಿದ್ದುದರಿಂದ ಟೋಪಿಯ ಒಳಪಟ್ಟಿಯಲ್ಲಿ ಯಾವಾಗಲೂ ಬೂದಿ ಮೆತ್ತಿಕೊಂಡಿರುತ್ತಿತ್ತು. ಆಗ ಅವನು ದಫೇದಾರ, ಅಂದರೆ ಹೆಡ್ ಕಾನ್‌ಸ್ಟೇಬಲ್. ಸಬ್ ಇನ್‌ಸ್ಪೆಕ್ಟರ್ ಆದದ್ದು ಕೂದಲು ನೆರೆತ ಮೇಲೆ.

ನಮ್ಮ ಮನೆಯ ಜಗಳಗಳು ಬೇರೆ ಮನೆಗಳ ಹಾಗೆ ಕೂಗಾಟದಲ್ಲಿ ಮುಗಿಯುತ್ತಿರಲಿಲ್ಲ. ಯಾರಿಗೆ ಯಾರ ಮೇಲೆ ಸಿಟ್ಟು ಬಂದರೂ ಅಪ್ಪ ಆ ಕುಂಟು ಮೇಜಿನ ಮುಂದೆ ಕೂತು ಹಾಳೆ ತೆಗೆಯುತ್ತಿದ್ದ. ಒಬ್ಬೊಬ್ಬರನ್ನೇ ಕರೆದು ಹೇಳಿಕೆ ಬರೆದುಕೊಂಡು, ಗಟ್ಟಿಯಾಗಿ ಓದಿ ಹೇಳಿ, ಕೊನೆಯಲ್ಲಿ 'ಓದಿ ಹೇಳಿದ್ದನ್ನು ಕೇಳಿದೆ, ಸರಿ ಇದೆ' ಎಂದು ಸೇರಿಸಿ ಸಹಿ ಹಾಕಿಸುತ್ತಿದ್ದ. ಠಾಣೆಯಲ್ಲಿ ಸಾಕ್ಷಿಯ ಹೇಳಿಕೆಗೆ ಸಹಿ ಬೇಕಿಲ್ಲವಂತೆ. ನಮ್ಮ ಮನೆಯ ಕಾನೂನು ಅದಕ್ಕಿಂತ ಬಿಗಿ. ಡಬ್ಬಿಯ ಬೆಲ್ಲ ಕಾಣೆಯಾದಾಗ ನಾನು ಕೊಟ್ಟ ಹೇಳಿಕೆ ಇನ್ನೂ ಬಾಯಿಪಾಠವಾಗಿದೆ: 'ನಾನು ಅಡುಗೆ ಮನೆಗೆ ಹೋದದ್ದು ನಿಜ. ಡಬ್ಬಿ ಕಂಡದ್ದು ನಿಜ. ಮುಂದಿನದು ನೆನಪಿಲ್ಲ.' ಅಪ್ಪ ನಗದೆ ಬರೆದ, ನಗದೆ ಓದಿ ಹೇಳಿದ. ಮನೆಯಲ್ಲಿದ್ದವರೇ ಮೂವರು, ಅದರಲ್ಲಿ ಇಬ್ಬರ ಮೇಲೆ ಯಾರಿಗೂ ಅನುಮಾನವಿರಲಿಲ್ಲ, ಆದರೂ ತನಿಖೆ ನಡೆಯಿತು. ಒಮ್ಮೆ ಅವ್ವ ಅಪ್ಪನ ಮೇಲೆಯೇ ದೂರು ಕೊಟ್ಟಳು. ಹದಡಿಯ ತವರಿಗೆ ಹಬ್ಬಕ್ಕೆ ಬರುತ್ತೇನೆಂದು ಹೇಳಿ ಬಾರದೆ, ತನ್ನ ಅಣ್ಣನ ಮುಂದೆ ತನ್ನ ಮುಖ ಸಣ್ಣದು ಮಾಡಿದನೆಂದು. ಅಪ್ಪ ತನ್ನ ಮೇಲಿನ ದೂರನ್ನು ತಾನೇ ಬರೆದುಕೊಂಡು, ಆರೋಪಿಯ ಜಾಗದಲ್ಲಿ ತಾನೇ ಸಹಿ ಹಾಕಿದ. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿರುತ್ತಿತ್ತು. ನಮ್ಮ ಮಾತನ್ನು ಒಬ್ಬರು ಪೂರ್ತಿ ಕೇಳಿದರೆ ಅರ್ಧ ನ್ಯಾಯ ಸಿಕ್ಕ ಹಾಗೆ ಎಂದು ನಾನು ಕಲಿತದ್ದು ಅಲ್ಲಿ.

ಕಥೆ ಬರೆಯುತ್ತಿದ್ದುದು ಒಂದು ಬದಿ ಟೈಪಾಗಿ ರದ್ದಾದ ಕಾಗದಗಳ ಹಿಂಬದಿಯಲ್ಲಿ. ಸಂಜೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವಾಗ ಅಪ್ಪ ಹೊಸ್ತಿಲ ಮೇಲೆ ಕೂತು ಓದುತ್ತಿದ್ದ. ಅವ್ವನ ಕೈ ನಿಂತರೆ ಕಥೆ ಕೂಡಿದೆ ಎಂದು, ರೊಟ್ಟಿಯ ಸದ್ದು ಜೋರಾದರೆ ಎಲ್ಲೋ ಕೆಟ್ಟಿದೆ ಎಂದು ಅರ್ಥ.

"ಅಲ್ರೀ, ಗಂಡ ಸತ್ತು ಮೂರು ದಿನ ಆಗಿಲ್ಲ, ಆಕಿ ಹಿಂಗ ಉದ್ದುದ್ದ ಮಾತಾಡ್ತಾಳಾ? ಆವಾಗ ಒಂದು ಗುಟುಕು ನೀರು ಇಳಿಯಂಗಿಲ್ಲ."

ಅಪ್ಪ ಅಲ್ಲೇ ಗೀಟು ಹೊಡೆಯುತ್ತಿದ್ದ. ಅವನದು ಇನ್ನೊಂದು ನಿಯಮವಿತ್ತು. ಕಥೆಗೆ ಸಿಕ್ಕಿದ ಮನುಷ್ಯ ಬದುಕಿದ್ದರೆ, ಹೆಸರು ಊರು ಬದಲಿಸಿದ್ದರೂ, ಅವನನ್ನು ಹುಡುಕಿಕೊಂಡು ಹೋಗಿ ಓದಿ ಹೇಳಿ ಬರಬೇಕು. ಕೊಂಡಜ್ಜಿ ಊರಿನ ಕಡೆಯ ಒಬ್ಬ ಸೈಕಲ್ ಕಳ್ಳನಿಗೆ ಕೆರೆಯ ಏರಿಯ ಮೇಲೆ ಕೂರಿಸಿಕೊಂಡು ಓದಿ ಹೇಳಿದ್ದನಂತೆ. ಕಳ್ಳ ಕಣ್ಣು ಮುಚ್ಚಿ ಕೇಳಿ, ಕೊನೆಗೆ ಹೇಳಿದನಂತೆ:

"ಎಲ್ಲಾ ಬರೋಬ್ಬರಿ ಐತೆ ಸಾಹೇಬ್ರೇ. ಆದ್ರೆ ಸೈಕಲ್ಲು ಎರಡಲ್ಲ, ಮೂರು."

ಕಥೆಯಲ್ಲಿ ಮೂರಾಯಿತು. ಠಾಣೆಯ ಪುಸ್ತಕದಲ್ಲಿ ಎರಡೇ ಉಳಿಯಿತು. ಈ ಒಂದು ತಪ್ಪನ್ನು ಅಪ್ಪ ಸಾಯುವವರೆಗೂ ನಗುತ್ತಾ ಒಪ್ಪಿಕೊಳ್ಳುತ್ತಿದ್ದ.

ಚಿಗವ್ವ ಬಂದಾಗ ನನಗೆ ಒಂಬತ್ತು ವರ್ಷ. ಅವಳ ಹೆಸರು ಗಿರಿಜೆ, ಸಾರಥಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಾಗ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಚೀಲವಿಲ್ಲ, ಗಂಟಿಲ್ಲ. ನೀಲಿ ನೂಲಿನ ಸೀರೆ, ಅದರ ಅಂಚು ಗೇಣುದ್ದ ಒದ್ದೆಯಾಗಿ ಕಾಲಿಗೆ ಅಂಟಿತ್ತು. ಅವ್ವ ಯಾಕೆ ಬಂದೆ ಎಂದು ಕೇಳಲಿಲ್ಲ. ತಟ್ಟೆ ಇಟ್ಟು ಪುಂಡಿಪಲ್ಯ ಬಡಿಸಿದಳು. ಚಿಗವ್ವ ತಲೆ ಎತ್ತದೆ ಐದು ರೊಟ್ಟಿ ತಿಂದಳು. ಅಷ್ಟರಲ್ಲಿ ಅಪ್ಪ ಬಂದ. ಅವನ ಕಣ್ಣು ಮೊದಲು ಹೋದದ್ದು ಅವಳ ಮುಖಕ್ಕಲ್ಲ, ಸೀರೆಯ ಅಂಚಿಗೆ. ಹೊಳೆಯಿಂದ ತೆಗೆದ ಹೆಣ್ಣುಮಕ್ಕಳ ಕಾಗದಪತ್ರ ಬರೆಯುವುದು ಆ ಠಾಣೆಯಲ್ಲಿ ಅವನ ಪಾಲಿನ ಕೆಲಸ. ಅಂಥ ಕೆಲಸ ಮಾಡಿ ಬಂದ ದಿನ ಅವನು ಉಣ್ಣುತ್ತಿರಲಿಲ್ಲ, ಹುಣಸೆ ಮರದ ಕೆಳಗೆ ಸುಮ್ಮನೆ ಕೂರುತ್ತಿದ್ದ. ಆ ಮಧ್ಯಾಹ್ನವೂ ಅಲ್ಲೇ ಹೋಗಿ ಕೂತ. ಬೆಲ್ಲದ ಡಬ್ಬಿಗೆ ತನಿಖೆ ನಡೆಸಿದವನು ಚಿಗವ್ವನನ್ನು ಒಂದು ಮಾತೂ ಕೇಳಲಿಲ್ಲ. ಹಾಳೆ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ನನ್ನನ್ನು ಹಿತ್ತಲಿಗೆ ಕರೆದ. ನನ್ನ ಎತ್ತರಕ್ಕೆ ಸರಿಯಾಗಿ ಕುಕ್ಕರುಗಾಲಲ್ಲಿ ಕೂತು ಹೇಳಿದ:

"ಸುಮಾ, ನಿನಗೊಂದು ಡ್ಯೂಟಿ. ಚಿಗವ್ವ ಎಲ್ಲಿ ಹೋದ್ರೂ ನೀನು ಜೊತಿಗೆ ಹೋಗಬೇಕು. ಆಕೀನ ಒಬ್ಬಾಕೀನ ಬಿಡಬ್ಯಾಡ. ಹೊಳಿ ಕಡೆಗಂತೂ ಬಿಡಲೇಬ್ಯಾಡ."

"ಯಾಕಪ್ಪಾ?"

"ಡ್ಯೂಟಿ ಹಾಕಿದ ಮ್ಯಾಲೆ ಯಾಕ ಅಂತ ಕೇಳಂಗಿಲ್ಲ. ಯಾರಿಗೂ ಹೇಳಂಗೂ ಇಲ್ಲ."

ನನಗೆ ಆದ ಹೆಮ್ಮೆ ಹೇಳತೀರದು. ಚಿಗವ್ವ ಬಟ್ಟೆ ಒಗೆಯಲು ಹೊಳೆಗೆ ಹೋದರೆ ನಾನು ಮುಂದೆ. ಗಿರಣಿಗೆ ಹೋದರೆ ಹಿಟ್ಟಿನ ಡಬ್ಬಿ ನನ್ನ ತಲೆಯ ಮೇಲೆ. ಕಕ್ಕಸಿಗೆ ಹೋದರೂ ಹೊರಗೆ ನಿಂತು ಅಂಕಿ ಎಣಿಸುತ್ತಿದ್ದೆ. ಮಲಗುವಾಗ ಅವಳ ಸೆರಗಿನ ತುದಿ ನನ್ನ ಮುಷ್ಟಿಯಲ್ಲಿ. ಮೊದಮೊದಲು ಅದು ನನ್ನ ಬೇಡಿ. ಚಿಗವ್ವ ನನಗೆ ಬಾಲ ಎಂದು ಹೆಸರಿಟ್ಟಳು. 'ನನ್ನ ಬಾಲ ಎಲ್ಲೈತೆ' ಎಂದು ಕೂಗಿದರೆ ನಾನು ಎಲ್ಲಿದ್ದರೂ ಓಡಬೇಕು. ಅವಳು ಜಡೆ ಹಾಕುವಾಗ ಕಣ್ಣಲ್ಲಿ ನೀರು ಬರುವಷ್ಟು ಬಿಗಿಯುತ್ತಿದ್ದಳು, ರಾಗವಿಲ್ಲದೆ ಹಾಡುತ್ತಿದ್ದಳು, ಹಳೇ ಸೀರೆಯಲ್ಲಿ ನನಗೆ ಲಂಗ ಹೊಲಿದು ಅದಕ್ಕೊಂದು ಗುಟ್ಟಿನ ಜೇಬು ಇಡುತ್ತಿದ್ದಳು. ಅವ್ವನ ಪ್ರೀತಿಯಲ್ಲಿ ಕೆಲಸ ಜಾಸ್ತಿ, ಮಾತು ಕಡಿಮೆ. ಚಿಗವ್ವನದು ಮಾತಿನ ಪ್ರೀತಿ. ಸ್ವಲ್ಪ ದಿನದಲ್ಲೇ ನನಗೆ ಡ್ಯೂಟಿ ಮರೆತುಹೋಯಿತು, ಸೆರಗು ಹಿಡಿಯುವುದು ಮಾತ್ರ ಉಳಿಯಿತು. ಅಪ್ಪನೂ ಅದನ್ನು ಮತ್ತೆ ಕೇಳಲಿಲ್ಲ.

ಸಾರಥಿಯಿಂದ ಯಾರೂ ಹುಡುಕಿಕೊಂಡು ಬರಲಿಲ್ಲ. ಹದಡಿಯ ಸೋದರಮಾವ ಒಮ್ಮೆ ಬಂದು, ಅಂಗಳದಲ್ಲೇ ನಿಂತು, 'ಇರ್ಲಿ ಬಿಡ್ರಿ ಇಲ್ಲೇ' ಎಂದು ಹೇಳಿ ಹೋದ. ಎರಡು ವರ್ಷದ ಮೇಲೆ ಅಪ್ಪನಿಗೆ ದಾವಣಗೆರೆಗೆ ವರ್ಗವಾಯಿತು. ಹೋದದ್ದು ಒಂದು ಗಂಟೆಯ ದಾರಿ, ಆದರೆ ಲೋಕ ಬೇರೆ. ಹೊಳೆ ಹೋಗಿ ಹತ್ತಿ ಗಿರಣಿಯ ಸೈರನ್ ಬಂತು. ಅವ್ವ ಅದನ್ನು ಕೇಳಿ ಒಲೆ ಹಚ್ಚುತ್ತಿದ್ದಳು. ಹನ್ನೆರಡು ಮನೆಗೆ ಒಂದೇ ನಲ್ಲಿ. ಚಿಗವ್ವ ಹೊಲಿಗೆ ಕ್ಲಾಸಿಗೆ ಸೇರಿದಳು, ಕತ್ತರಿ ಹಿಡಿದ ಮೇಲೆ ಅವಳ ನಡಿಗೆಯೇ ಬದಲಾಯಿತು. ಅಪ್ಪನ ಕಥೆಗಳು ಒಂದು ವಾರಪತ್ರಿಕೆಯಲ್ಲಿ ಬರಲು ಶುರುವಾದವು. ಆ ಬೇಸಿಗೆ ಅವನು ಒಂದು ಕಥೆಯನ್ನು ಬಹಳ ದಿನ ಇಟ್ಟುಕೊಂಡು ಬರೆದ. ಹೊಸ್ತಿಲ ಮೇಲೆ ಕೂತು ಓದಲಿಲ್ಲ. ಅವ್ವ ಕೇಳಿದರೆ 'ಇನ್ನೂ ಆಗಿಲ್ಲ' ಎನ್ನುತ್ತಿದ್ದ. ಆಮೇಲೆ ಯಾರಿಗೂ ಓದಿ ಹೇಳದೆ ಅಂಚೆಗೆ ಹಾಕಿದ.

ಪತ್ರಿಕೆ ಬಂದ ದಿನ ಅದನ್ನು ಮೊದಲು ಹಿಡಿದವಳು ಪಕ್ಕದ ಮನೆಯ ಶಮೀಮಕ್ಕ. ಅವಳ ಗಂಡನೂ ಕಾನ್‌ಸ್ಟೇಬಲ್. ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವಳು, ಕ್ವಾರ್ಟರ್ಸಿನಲ್ಲಿ ಅವಳಷ್ಟು ಚೆಂದ ಓದುವವರು ಇರಲಿಲ್ಲ. ನಲ್ಲಿಯ ಹತ್ತಿರ ಕೊಡಗಳ ಸಾಲು, ಕಟ್ಟೆಯ ಮೇಲೆ ಶಮೀಮಕ್ಕ, ಅವಳ ಸುತ್ತ ಹೆಂಗಸರು. ಕಥೆಯಲ್ಲಿ ಒಬ್ಬಳು ಹೆಣ್ಣುಮಗಳು ಗಂಡನ ಮನೆ ಬಿಟ್ಟು ಅಕ್ಕನ ಮನೆಗೆ ಬರುತ್ತಾಳೆ. ಅಕ್ಕನ ಗಂಡ ಪೊಲೀಸ್ ಅಲ್ಲ, ರೈಲ್ವೆಯವನು. ಅಕ್ಕನ ಮಗಳು ಅವಳ ಸೆರಗು ಹಿಡಿದುಕೊಂಡೇ ತಿರುಗುತ್ತಾಳೆ. ಒಂದು ದಿನ ಮಗುವಿಗೆ ಜ್ವರ ಬಂದು ಮಲಗಿದಾಗ ಅವಳು ಹೊಳೆಗೆ ಹೋಗಿಬಿಡುತ್ತಾಳೆ. ನೀಲಿ ಸೀರೆಯ ಅಂಚು ನೀರಿನ ಮೇಲೆ ತೇಲುವಲ್ಲಿಗೆ ಕಥೆ ಮುಗಿಯುತ್ತದೆ. ಹೆಂಗಸರೆಲ್ಲ ಕಣ್ಣು ಒರೆಸಿಕೊಂಡರು. ಚಿಗವ್ವನೂ ಅತ್ತಳು, ನಾನು ನೋಡಿದೆ. ಅಳುತ್ತಾ ಅಳುತ್ತಾ ನಿಂತಳು. ಶಮೀಮಕ್ಕನ ಕೈಯಿಂದ ಪತ್ರಿಕೆ ತೆಗೆದುಕೊಂಡು ಮನೆಗೆ ನಡೆದಳು. ಅವಳ ಕೊಡ ಅರ್ಧ ತುಂಬಿ ನಲ್ಲಿಯ ಕೆಳಗೇ ಉಳಿಯಿತು.

ಸಂಜೆ ಅಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬಂದ. ಕಥೆ ಬಂದ ದಿನ ಅದು ವಾಡಿಕೆ. ಪೊಟ್ಟಣ ಬಿಚ್ಚುವ ಮೊದಲೇ ಚಿಗವ್ವ ಕೇಳಿದಳು:

"ಭಾವಾ, ನನ್ನನ್ನ ಯಾಕ ಸಾಯಿಸಿದ್ರಿ?"

"ಗಿರಿಜಾ, ಅದು ಕತಿ. ಹೆಸರು ಬ್ಯಾರೆ, ಊರು ಬ್ಯಾರೆ."

"ಸೀರಿ ನಂದೇ ಐತಲ್ಲ."

ಅಪ್ಪ ಪೊಟ್ಟಣವನ್ನು ಮೇಜಿನ ಮೇಲಿಟ್ಟ. ಅವ್ವ ಒಳಗಿನಿಂದ ಬಂದಳು. ಅವಳಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಸೈಕಲ್ ಕಳ್ಳನ್ನ ಹುಡಿಕ್ಕಂಡು ಹೋಗಿ ಓದಿ ಹೇಳಿ ಬಂದ್ರಿ. ಮನ್ಯಾಗಿರಾಕಿಗೆ ಓದ್ಲಿಲ್ಲ. ಬೇಲಿನೇ ಎದ್ದು ಹೊಲ ಮೇಯ್ದಂಗಾತು. ಹೇಳಿಕಿ ತಗಳ್ದಂಗ ಚಾರ್ಜ್‌ಶೀಟ್ ಹಾಕಿದ್ರಲ್ರೀ."

ಅಪ್ಪನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅವತ್ತು ಬಂದಿದ್ದರೆ ಎಷ್ಟು ಚೆನ್ನಾಗಿತ್ತು.

"ಆ ದಿನ ನಿನ್ನ ಸೀರಿ ಒದ್ದಿಯಾಗಿತ್ತಲ್ಲವ್ವ. ಹೊಳಿಗೆ ಇಳಿದು, ಮನಸ್ಸು ತಡೀದ ವಾಪಸ್ ಬಂದೀ ಅಂತ ನಂಗ ಆಗ್ಲೇ ಗೊತ್ತಾತು. ಮತ್ತ ಹೋಗ್ತೀಯೇನೋ ಅಂತ ಹೆದರಿಕಿ. ಅದಕ್ಕ ಸುಮನ್ನ ನಿನ್ನ ಹಿಂದ ಹಾಕಿದ್ದೆ."

ಚಿಗವ್ವ ನನ್ನ ಕಡೆ ತಿರುಗಿದಳು. ಆ ನೋಟವನ್ನು ನಾನು ಈ ವಯಸ್ಸಿನಲ್ಲೂ ಮರೆತಿಲ್ಲ.

"ಇದು ಬಂದೋಬಸ್ತಾ? ನಾನು ಈ ಕೂಸಿಗೆ ನನ್ನ ಮ್ಯಾಲೆ ಪ್ರೀತಿ ಅನ್ಕಂಡಿದ್ದೆ."

ಅಷ್ಟೇ ಹೇಳಿದ್ದು. ಅಟ್ಟದ ಮೇಲಿಂದ ತಗಡಿನ ಟ್ರಂಕು ಇಳಿಸಿದಳು. ಸೋಮವಾರ ಬೆಳಗಿನ ಬಸ್ಸಿಗೆ ಹದಡಿಗೆ ಹೋಗುತ್ತೇನೆಂದಳು. ಹದಡಿಯ ಸೋದರಮಾವನ ಹೆಂಡತಿಯ ಬಾಯಿ ಎಂಥದೆಂದು ನಮಗೆಲ್ಲ ಗೊತ್ತಿತ್ತು. ಅಲ್ಲಿ ಹೊಲಿಗೆ ಕ್ಲಾಸಿಲ್ಲ, ಕತ್ತರಿಯಿಲ್ಲ, ದನದ ಕೊಟ್ಟಿಗೆಯ ಕೆಲಸವಿದೆ. ಅವ್ವ ಎಷ್ಟು ಹೇಳಿದರೂ ಕೇಳಲಿಲ್ಲ. ಮಂಡಕ್ಕಿ ಯಾರೂ ತಿನ್ನದೆ ಮೆತ್ತಗಾಯಿತು. ಮಲಗುವ ಹೊತ್ತಿಗೆ ನಾನು ವಾಡಿಕೆಯಂತೆ ಕೈ ಚಾಚಿದೆ. ಚಿಗವ್ವ ಗೋಡೆಯ ಕಡೆ ತಿರುಗಿ ಸೆರಗನ್ನು ಮೈಕೆಳಗೆ ಸೇರಿಸಿಕೊಂಡಳು. ನಾನು ದನಿ ತೆಗೆಯದೆ ಅತ್ತೆ. ಅವಳು ಹೋಗುತ್ತಾಳೆ ಎನ್ನುವುದಕ್ಕಿಂತ, ನನ್ನನ್ನು ಪೇದೆ ಎಂದುಕೊಂಡು ಹೋಗುತ್ತಾಳೆ ಎನ್ನುವುದು ನನಗೆ ತಡೆಯಲಾಗಲಿಲ್ಲ. ಅಲ್ಲ ಎಂದು ಹೇಳೋಣವೆಂದರೆ, ಡ್ಯೂಟಿ ಹಾಕಿದ್ದಂತೂ ನಿಜವಾಗಿತ್ತು.

ಮೂರು ದಿನ ಚಿಗವ್ವ ಅಪ್ಪನ ಜೊತೆ ಮಾತಾಡಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪ ಹಾಳೆ, ಪೆನ್ನು ತಂದ. ಮೇಜಿನ ಮುಂದೆ ಕೂರಲಿಲ್ಲ. ತನ್ನ ಕುರ್ಚಿಯನ್ನು ಚಿಗವ್ವನ ಮುಂದೆ ಇಟ್ಟು, ತಾನು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತ.

"ಕೂಡ್ರವ್ವ. ಎರಡು ವರ್ಷದ ಹಿಂದ ತಗಳ್ಳಬೇಕಾಗಿತ್ತು, ತಗಳ್ಳಿಲ್ಲ. ಈಗ ಹೇಳು. ಹೇಳಿದ್ದು ಬಿಟ್ಟು ಒಂದು ಅಕ್ಷರ ಬರಿಯಂಗಿಲ್ಲ ನಾನು."

ಅವ್ವ ಚಿಗವ್ವನ ಭುಜ ಮುಟ್ಟಿದಳು, ಅವಳು ಕೂತಳು. ನಾಲ್ಕು ಮಾತು ಹೇಳಿದಳು. ಅಪ್ಪ ಬರೆದು ಓದಿ ಹೇಳಿದ: 'ನಾನು ಸದರಿ ಗ್ರಾಮದಿಂದ ಕಾಲ್ನಡಿಗೆಯಲ್ಲಿ ಹೊರಟು, ಮನನೊಂದು, ನದಿಯ ದಡಕ್ಕೆ ಬಂದಿರುತ್ತೇನೆ.'

"ನಾನು ಎಲ್ಲಿ ಹಂಗಂದೆ? ಮನನೊಂದು ಅಂತ ಯಾರಂದ್ರು? ನಾನು ಅಂದಿದ್ದು ಹೊಟ್ಟಿ ಹಸಿದಿತ್ತು ಅಂತ. ಅದನ್ನ ಬರೀರಿ."

ಇಷ್ಟು ವರ್ಷದ ಕೈಯ ಅಭ್ಯಾಸ, ಅಪ್ಪನಿಗೆ ತಾನು ಅವಳ ಮಾತು ಬದಲಿಸಿದ್ದೇ ಗೊತ್ತಾಗಿರಲಿಲ್ಲ. ಹಾಳೆ ಹರಿದ. ಇನ್ನೊಂದು ತೆಗೆದ. ಅದನ್ನೂ ಹರಿಯಬೇಕಾಯಿತು. ಮೂರನೆಯ ಹಾಳೆಗೆ ಬರುವಷ್ಟರಲ್ಲಿ ಅವನು ಅವಳ ಬಾಯಿಂದ ಬಂದದ್ದನ್ನು ಬಂದ ಹಾಗೇ ಇಳಿಸತೊಡಗಿದ್ದ. ಆ ಹಾಳೆ ಈಗ ನನ್ನ ಹತ್ತಿರ ಇದೆ, ಅದರಲ್ಲಿ ಹೀಗಿದೆ:

"ಬಿತ್ತಕ್ಕೆ ಇಟ್ಟ ಜೋಳದಾಗ ಒಂದು ಸೇರು ಬೀಸಿ ರೊಟ್ಟಿ ಮಾಡ್ಕಂಡೆ ಅಂತ ನಮ್ಮತ್ತಿ ಅಡಿಗಿಮನಿಗೆ ಬೀಗ ಹಾಕಿದ್ಲು. ಮೂರು ದಿನ. ನನ್ನ ಗಂಡ ಕಂಡೂ ಕಾಣದಂಗಿದ್ದ. ನಾಕನೇ ದಿನ ಎದ್ದು ನಡದೆ. ಸಾಯಬೇಕು ಅಂತಲ್ಲ, ಉಣ್ಣಬೇಕು ಅಂತ. ದಾರ್ಯಾಗ ಬಂಡಿ ಗಾಲಿ ಕೆಸರು ಹಾರಿ ಸೀರಿ ಅಂಚೆಲ್ಲ ರಾಡಿ ಆತು. ಹಂಗ ಹೋದ್ರ ಅಕ್ಕನ ಅಕ್ಕಪಕ್ಕದೋರು ಏನಂತಾರ ಅಂತ ಹೊಳಿಗೆ ಇಳಿದು ಮುಖ ತೊಳ್ಕಂಡೆ, ಅಂಚು ತೊಳ್ದು ಹಿಂಡ್ಕಂಡೆ. ಸಾಯಕ್ಕೆ ಹೊಂಟಾಕಿ ಸೀರಿ ಅಂಚು ಯಾಕ ತೊಳೀತಾಳ ಭಾವಾ?"

ಅಪ್ಪ ಪೆನ್ನು ಕೆಳಗಿಟ್ಟ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಲ್ಲ ಅವನು, ಆದರೆ ಎರಡು ವರ್ಷ ಆ ಒದ್ದೆ ಅಂಚನ್ನೇ ಸಾಕ್ಷಿಯೆಂದು ನಂಬಿ, ಅದರ ಮೇಲೆ ಒಂದು ಸಾವನ್ನೇ ಕಟ್ಟಿದ್ದ.

"ನಾನು ನೋಡಿದ್ದೆಲ್ಲ ನೀರಿನಿಂದ ತೆಗೆದೋರನ್ನವ್ವ" ಎಂದ. "ಮುಖ ತೊಳ್ಕಂಡು ಎದ್ದು ಹೋದೋರು ಠಾಣಿಗೆ ಬರಂಗಿಲ್ಲ. ಅಂಥೋರು ಇರ್ತಾರ ಅನ್ನೋದೇ ನಂಗ ಹೊಳಿಲಿಲ್ಲ. ತಪ್ಪಾತು."

ಅಪ್ಪ ತಪ್ಪಾಯಿತು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಚಿಗವ್ವ ಬಾಗಿಲ ಸಂದಿಯಲ್ಲಿ ನಿಂತ ನನ್ನ ಕಡೆ ಗಲ್ಲ ತಿರುಗಿಸಿದಳು.

"ಈಕೀದೂ ತಗೋರ್ರಿ."

ನನ್ನನ್ನು ಕುರ್ಚಿಯ ಮೇಲೆ ಕೂರಿಸಿದರು. ತುದಿಗಾಲು ಮಾತ್ರ ನೆಲಕ್ಕೆ ಎಟುಕುತ್ತಿತ್ತು. ಬೆಲ್ಲದ ಕೇಸಿನ ಹಾಗೆ ಮುಂದಿನದು ನೆನಪಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ನಾನು ಹೇಳಿದ್ದು, ಅಪ್ಪ ಬರೆದದ್ದು ಇಷ್ಟು:

"ಅಪ್ಪ ಡ್ಯೂಟಿ ಹಾಕಿದ್ದು ಖರೆ. ಮೊದ್ಲು ಅದಕ್ಕ ಹೋದೆ. ಆಮ್ಯಾಲೆ ಅಪ್ಪ ಕೇಳೋದು ಬಿಟ್ಟ. ಆದ್ರೂ ಹೋದೆ. ಚಿಗವ್ವ ಹೋದ್ರ ನಂಗ ನಿದ್ದಿ ಬರಂಗಿಲ್ಲ."

ಅಪ್ಪ ಓದಿ ಹೇಳಬೇಕಿತ್ತು. ಹಾಳೆಯನ್ನು ಚಿಗವ್ವನ ಕೈಗೇ ಕೊಟ್ಟ. ಅವಳು ಬೆರಳಿಟ್ಟು ನಿಧಾನವಾಗಿ ಓದಿದಳು. ಓದಿ, ಸೆರಗಿನ ತುದಿ ಎಳೆದು ನನ್ನ ಮೂಗು ಒರೆಸಿದಳು, ಜಡೆ ಹಾಕುವಾಗಿನಷ್ಟೇ ಒರಟಾಗಿ. ಸೋಮವಾರದ ಬಸ್ಸು ಅವಳನ್ನು ಬಿಟ್ಟೇ ಹೋಯಿತು.

ಅಪ್ಪ ಆ ಹೇಳಿಕೆಯನ್ನು ಪತ್ರಿಕೆಗೆ ಕಳಿಸಿ, ಕಥೆ ತಪ್ಪೆಂದು ಬರೆಯುತ್ತೇನೆಂದ. ಚಿಗವ್ವ ಒಪ್ಪಲಿಲ್ಲ.

"ಬ್ಯಾಡ. ಇದು ಮನ್ಯಾಗಿರ್ಲಿ. ಕತ್ಯಾಗ ಸತ್ತಾಕಿ ಸತ್ತಂಗೇ ಇರ್ಲಿ ಬಿಡ್ರಿ. ಎರಡೆರಡು ಸಲ ಊರ ಬಾಯಿಗೆ ಹಾಕಬ್ಯಾಡ್ರಿ ನನ್ನ."

ಹಾಗಾಗಿ ಆ ಕಥೆ ತನ್ನ ಪಾಡಿಗೆ ತಾನು ಬೆಳೆಯಿತು. ಸಂಕಲನಕ್ಕೆ ಸೇರಿತು, ಪಠ್ಯಪುಸ್ತಕಕ್ಕೆ ಹೋಯಿತು, ಅಪ್ಪನ ಹೆಸರು ಹೇಳಿದರೆ ಮೊದಲು ಅದನ್ನೇ ಹೇಳುವಂತಾಯಿತು. ಅವನಿಗೆ ಅದು ಪ್ರತಿ ಸಲವೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಯಾರಾದರೂ ಹೊಗಳಿದರೆ ಮಾತು ಬದಲಿಸುತ್ತಿದ್ದ. ಆ ಭಾನುವಾರದ ನಂತರ ಬರೆದ ಪುಸ್ತಕಗಳಲ್ಲಿ ಅವನ ಜನ ತಮ್ಮ ಬಾಯಲ್ಲೇ ಮಾತಾಡುತ್ತಾರೆ ಎಂದು ವಿಮರ್ಶಕರು ಬರೆದಿದ್ದಾರೆ. ಅದಕ್ಕೆ ಅವರು ಏನೇನೋ ಕಾರಣ ಕೊಟ್ಟಿದ್ದಾರೆ. ಹರಿದು ಹಾಕಿದ ಎರಡು ಹಾಳೆಗಳ ವಿಷಯ ಅವರಿಗೆ ಗೊತ್ತಿಲ್ಲ. ಮತ್ತೆ ಅವನು ಹೊಸ್ತಿಲಿಗೆ ಮರಳಿದ. ಓದುವಾಗ ಒಲೆಯ ಮುಂದೆ ಅವ್ವ, ಈ ಕಡೆ ಹೊಲಿಗೆ ಯಂತ್ರದ ಮುಂದೆ ಚಿಗವ್ವ. ಯಂತ್ರ ನಿಂತರೆ ಅಪ್ಪ ತಲೆ ಎತ್ತಿ ನೋಡುತ್ತಿದ್ದ. ಚಿಗವ್ವ ದಾವಣಗೆರೆಯ ಅರ್ಧ ಹೆಂಗಸರಿಗೆ ರವಿಕೆ ಹೊಲಿದಳು, ಉಳಿದರ್ಧಕ್ಕೆ ಹೊಲಿಯಲು ಕಲಿಸಿದಳು. ಅವ್ವ ಹೋದಳು, ಆಮೇಲೆ ಅಪ್ಪ ಹೋದ. ಈಗ ಚಿಗವ್ವ ನನ್ನ ಜೊತೆ ಇದ್ದಾಳೆ. ಎಂಬತ್ತು ದಾಟಿದೆ, ಸೂಜಿಗೆ ದಾರ ನಾನು ಪೋಣಿಸಿ ಕೊಡುತ್ತೇನೆ.

ಕಳೆದ ವರ್ಷ ಇಲ್ಲಿ ಅಪ್ಪನ ನೆನಪಿನ ಸಭೆ ಮಾಡಿದರು. ಕಾಲೇಜಿನ ಒಬ್ಬಳು ಎಳೆಯ ಉಪನ್ಯಾಸಕಿ ಆ ಕಥೆಯ ಬಗ್ಗೆ ಮಾತಾಡಿದಳು. ಚೆನ್ನಾಗಿ ಮಾತಾಡಿದಳು. ನೀಲಿ ಸೀರೆಯ ಅಂಚು ನೀರಿನ ಮೇಲೆ ತೇಲುವ ಸಾಲು ಓದುವಾಗ ಅವಳ ದನಿ ಒಡೆಯಿತು, ಮುಂದೆ ಓದಲಾಗದೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡಳು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂತ ಚಿಗವ್ವ ನನ್ನ ಮಂಡಿ ತಟ್ಟಿದಳು.

"ಆ ಹುಡುಗೀನ ಊಟಕ್ಕೆ ಕರಿಯೇ. ಪಾಪ, ನನ್ನ ಸಲುವಾಗಿ ಅಳ್ತಾ ಐತೆ."

ಮುಂದಿನ ಭಾನುವಾರ ಅವಳು ಬಂದಳು. ಅಪ್ಪನ ಮೇಜು, ಪುಸ್ತಕ, ಫೋಟೋ ಎಲ್ಲ ನೋಡಿದಳು. ಕೆಳಗೆ ಚಾಪೆ ಹಾಸಿ ಕೂರಿಸಿದೆವು. ಬೇಡವೆಂದರೂ ಕೇಳದೆ ಚಿಗವ್ವ ಗೋಡೆ ಹಿಡಿದುಕೊಂಡು ಬಂದು ತಾನೇ ಬಡಿಸಲು ಕೂತಳು. ಹುಡುಗಿ ಎರಡನೆಯ ರೊಟ್ಟಿ ಮುರಿಯುತ್ತಾ, ಸಂಕೋಚದಿಂದ, ಕೇಳಬೇಕೆಂದೇ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದಳು:

"ಅಜ್ಜೀ, ಆ ಕಥೆಯ ಹೆಂಗಸು ನಿಜವಾಗ್ಲೂ ಇದ್ರಾ?"

ನಾನು ಚಿಗವ್ವನ ಮುಖ ನೋಡಿದೆ. ಐವತ್ತು ವರ್ಷದಿಂದ ಮನೆಯೊಳಗೇ ಇದ್ದ ಮಾತು. ಹೇಳುವುದು ಬಿಡುವುದು ಅವಳಿಗೆ ಸೇರಿದ್ದು. ಅವಳು ಹುಡುಗಿಯ ತಟ್ಟೆಗೆ ಇನ್ನಷ್ಟು ಪಲ್ಯ ಹಾಕಿದಳು, ಇನ್ನೊಂದು ರೊಟ್ಟಿ ಎತ್ತಿಕೊಂಡಳು.

"ಇದ್ಲವ್ವ. ಹೊಳಿಗೆ ಹೋಗಿದ್ದೂ ಖರೆ. ಮುಖ ತೊಳ್ಕಂಡು ಬಂದ್ಲು. ಈಗ ನಿನಗ ರೊಟ್ಟಿ ನೀಡ್ತಾ ಅದಾಳ, ತಿನ್ನು."